ಮೀನು ಸಾಕುವ ಹುಚ್ಚನ್ನೇ ಕಸುಬು ಮಾಡಿಕೊಳ್ಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಟ್ಯಾಂಕಿನ ಮುಂದೆ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ ಅನ್ನುವವರು ತುಂಬಾ ಜನ. ಆದರೆ ಕೂತು ನೋಡುವುದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಬಕೆಟ್ ಎತ್ತುವುದಕ್ಕೆ ಕೊಡುತ್ತಾರೆ. ನೀರು ಬದಲಿಸುವುದಕ್ಕೆ, ಮರಿ ಬದುಕಿಸುವುದಕ್ಕೆ, ಕಾಯಿಲೆ ಗುರುತಿಸುವುದಕ್ಕೆ, ಕೆಟ್ಟ ಪಂಪ್ ಸರಿಮಾಡುವುದಕ್ಕೆ ಕೊಡುತ್ತಾರೆ.

ಹಾಗಾಗಿ 'ನನಗೆ ಮೀನು ಅಂದರೆ ಪ್ರಾಣ' ಅನ್ನುವ ಮಾತನ್ನು ಸ್ವಲ್ಪ ಪಕ್ಕಕ್ಕಿಡಿ. ಅಕ್ವೇರಿಯಂ ಸುತ್ತ ನೂರೆಂಟು ಚಿಲ್ಲರೆ ಕೆಲಸಗಳಿವೆ. ಅದರಲ್ಲಿ ಯಾವುದನ್ನು ನೂರನೇ ಸಲ ಮಾಡುವಾಗಲೂ ನಿಮಗೆ ಬೇಜಾರಾಗುವುದಿಲ್ಲ? ಕಸುಬು ಆರಿಸಿಕೊಳ್ಳಬೇಕಾದ್ದು ಆ ಕೆಲಸ ನೋಡಿ.

1. ಬೇಜಾರಾಗದ ಕೆಲಸ ಯಾವುದು ಅಂತ ಹುಡುಕಿ

ಒಂದು ತಿಂಗಳು ಸುಮ್ನೆ ಒಂದು ಪುಸ್ತಕ ಇಡಿ. ಟ್ಯಾಂಕಿನ ಹತ್ತಿರ ಏನು ಮಾಡಿದರೂ ಒಂದು ಸಾಲು ಬರೆಯಿರಿ. ಏನು ಮಾಡಿದೆ, ಮಾಡುವಾಗ ಖುಷಿ ಇತ್ತಾ, ಯಾವಾಗ ಮುಗಿಯುತ್ತಪ್ಪಾ ಅನ್ನಿಸಿತಾ.

ಗಾಜು ಉಜ್ಜಿ, ಪೈಪ್ ಬಿಚ್ಚಿ, ಫಿಲ್ಟರ್ ಮತ್ತೆ ಜೋಡಿಸಿ 'ಈಗ ಸರಿಯಾಯ್ತು' ಅಂತ ಕೈ ಒರೆಸಿಕೊಳ್ಳುವಾಗ ಸಮಾಧಾನ ಸಿಗುವವರಿಗೆ ಟ್ಯಾಂಕ್ ನಿರ್ವಹಣೆ ಹೇಳಿ ಮಾಡಿಸಿದ ಕೆಲಸ. ಮರಿಗಳಿಗೆ ದಿನಕ್ಕೆ ನಾಲ್ಕು ಸಲ ಆಹಾರ ಹಾಕುವುದು ಹೊರೆ ಅನ್ನಿಸದವರು ಬ್ರೀಡಿಂಗ್ ಕಡೆ ನೋಡಬಹುದು. ಕತ್ತರಿ ಹಿಡಿದು ಗಿಡ ಸವರುತ್ತಾ ಗಂಟೆಗಟ್ಟಲೆ ಕಳೆಯುವವರದು ಅಕ್ವಾಸ್ಕೇಪಿಂಗ್, ಅಂದರೆ ಟ್ಯಾಂಕಿನೊಳಗೆ ಗಿಡಗಳಿಂದ ತೋಟ ಕಟ್ಟುವ ಕೆಲಸ. ಟೆಸ್ಟ್ ಕಿಟ್‌ನ ಬಣ್ಣ ನೋಡಿ ಅಂಕಿ ಬರೆದಿಡುವುದರಲ್ಲೇ ಸುಖ ಕಾಣುವವರಿಗೆ ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳಲ್ಲಿ, ಸಂಶೋಧನಾ ಲ್ಯಾಬ್‌ಗಳಲ್ಲಿ ಜಾಗ ಇದೆ. ಯಾರು ಸಿಕ್ಕಿದರೂ ಫಿಲ್ಟರ್ ಬಗ್ಗೆ ಅರ್ಧ ಗಂಟೆ ಮಾತಾಡುವವರು ಅಂಗಡಿಯಲ್ಲಿ ಗೆಲ್ಲುತ್ತಾರೆ.

ಪುಸ್ತಕದ ತುಂಬಾ 'ಹೊಸ ಮೀನು ತಂದೆ, ಖುಷಿಯಾಯ್ತು' ಅಂತಲೇ ಇದ್ದರೆ? ನೀವು ಒಳ್ಳೆಯ ಗಿರಾಕಿ. ಹಾಬಿಯನ್ನು ಹಾಬಿಯಾಗೇ ಇಟ್ಟುಕೊಳ್ಳಿ, ಅದೇನೂ ಕಡಿಮೆ ಅಲ್ಲ.

2. ಮೀನಿಗಿಂತ ಮೊದಲು ನೀರು ಕಲಿಯಿರಿ

ಯಾವ ದಾರಿ ಹಿಡಿದರೂ ಇದು ಬೇಕೇ ಬೇಕು. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಗೆ ಬಿಡುತ್ತದೆ. ಉಳಿದ ಆಹಾರ, ಹಿಕ್ಕೆ ಕೊಳೆತರೂ ಅಮೋನಿಯಾವೇ ಬರುತ್ತದೆ. ನೈಟ್ರೊಸೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೊಸ್ಪೈರಾ ಜಾತಿಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ವಿಷ. ಮೂರನೆಯದು ಅಷ್ಟು ಉಗ್ರವಲ್ಲ, ನೀರು ಬದಲಿಸಿದರೆ ಕಡಿಮೆಯಾಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಇಷ್ಟು ಹಾಬಿಯವರಿಗೂ ಗೊತ್ತಿರುತ್ತದೆ. ಕಸುಬಿನವರಿಗೆ ಇದರ ಮುಂದಿನ ಮೆಟ್ಟಿಲೂ ಗೊತ್ತಿರಬೇಕು.

ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಒಂದು ಅಮೋನಿಯಂ, ಅದರಿಂದ ಅಷ್ಟು ಅಪಾಯವಿಲ್ಲ. ಇನ್ನೊಂದು ನಿಜವಾದ ಅಮೋನಿಯಾ, ಕಿವಿರನ್ನೇ ಹಾಳು ಮಾಡುವಂಥದ್ದು. ಯಾವುದು ಎಷ್ಟಿರುತ್ತದೆ ಅನ್ನುವುದು ಮುಖ್ಯವಾಗಿ ಪಿಎಚ್ ಮೇಲೆ, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆಯ ಮೇಲೆ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ನೂರಕ್ಕೆ ಸುಮಾರು 5. ಸಾಮಾನ್ಯ ಟೆಸ್ಟ್ ಕಿಟ್ ಎರಡನ್ನೂ ಸೇರಿಸಿ ಒಂದೇ ಅಂಕಿ ತೋರಿಸುತ್ತದೆ. ಹಾಗಾಗಿ ಒಂದೇ ಅಂಕಿ ಇರುವ ಎರಡು ಟ್ಯಾಂಕ್‌ಗಳಲ್ಲಿ ಒಂದರಲ್ಲಿ ಮೀನು ಆರಾಮಾಗಿರುತ್ತದೆ, ಇನ್ನೊಂದರಲ್ಲಿ ಸಾಯುತ್ತದೆ. ಇದನ್ನು ನೆನಪಿಡಿ, ಮುಂದೆ ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಜೊತೆಗೆ ಪಿಎಚ್ ಬೀಳದಂತೆ ತಡೆಯುವ ಕಾರ್ಬೊನೇಟ್ ಗಡಸುತನ, ನಲ್ಲಿ ನೀರಿನ ಕ್ಲೋರಿನ್ ಮತ್ತು ಕ್ಲೋರಮೈನ್ ನಡುವಿನ ವ್ಯತ್ಯಾಸ, ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ ಕರಗುತ್ತದೆ ಅನ್ನುವುದು, ಇವಿಷ್ಟನ್ನು ಅರ್ಥ ಮಾಡಿಕೊಳ್ಳಿ. ಕ್ಲೋರಿನ್ ಆದರೆ ನೀರನ್ನು ಒಂದೆರಡು ದಿನ ಗಾಳಿ ಆಡಿಸಿಟ್ಟರೆ ಹೋಗುತ್ತದೆ. ಕ್ಲೋರಮೈನ್ ಹಾಗೆ ಸುಲಭವಾಗಿ ಹೋಗುವುದಿಲ್ಲ, ಅದಕ್ಕೆ ಕಂಡೀಷನರ್ ಬೇಕು, ಅಂದರೆ ನಲ್ಲಿ ನೀರನ್ನು ಮೀನಿಗೆ ಹೊಂದಿಸುವ ದ್ರಾವಣ.

3. ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ

ತಾಪಮಾನ, ಪಿಎಚ್, ನೈಟ್ರೇಟ್, ಎಷ್ಟು ನೀರು ಬದಲಿಸಿದ್ದು, ಯಾವ ಆಹಾರ, ಯಾವ ಔಷಧಿ. ಸತ್ತ ಮೀನಿನ ಲೆಕ್ಕವನ್ನಂತೂ ಬಿಡಲೇಬೇಡಿ. ಹಾಬಿಯವರು ಸತ್ತದ್ದನ್ನು ಮರೆಯಲು ನೋಡುತ್ತಾರೆ, ಕಸುಬಿನವರು ಬರೆದಿಡುತ್ತಾರೆ. ಯಾವ ಕಡೆಯಿಂದ ಬಂದ ಮೀನು ಹತ್ತು ದಿನದೊಳಗೆ ಸಾಯುತ್ತದೆ ಅನ್ನುವುದು ನಿಮ್ಮ ಪುಸ್ತಕದಲ್ಲಿ ಮಾತ್ರ ಸಿಗುವ ಮಾಹಿತಿ. ಮುಂದೆ ಕೆಲಸಕ್ಕೆ ಅರ್ಜಿ ಹಾಕಿದಾಗ ಎರಡು ವರ್ಷದ ಇಂಥ ದಾಖಲೆ ತೋರಿಸಿದರೆ, 'ಚಿಕ್ಕಂದಿನಿಂದಲೂ ಮೀನು ಇಷ್ಟ' ಅನ್ನುವ ಸಾಲಿಗಿಂತ ಅದರ ತೂಕ ಜಾಸ್ತಿ.

4. ದಾರಿ ಆರಿಸಿಕೊಳ್ಳಿ

ಟ್ಯಾಂಕ್ ನಿರ್ವಹಣೆ

ನನ್ನನ್ನು ಕೇಳಿದರೆ ಹೊಸಬರಿಗೆ ಇದೇ ಒಳ್ಳೆಯ ಬಾಗಿಲು. ಆಫೀಸು, ಆಸ್ಪತ್ರೆ, ಹೋಟೆಲ್, ಮನೆಗಳಲ್ಲಿ ಟ್ಯಾಂಕ್ ಇಟ್ಟಿರುತ್ತಾರೆ, ನೋಡಿಕೊಳ್ಳಲು ಪುರುಸೊತ್ತಿರುವುದಿಲ್ಲ. ನೀವು ವಾರಕ್ಕೋ ಎರಡು ವಾರಕ್ಕೋ ಹೋಗಿ ಗಾಜು ಉಜ್ಜಿ, ತಳದ ಕೊಳೆಯನ್ನು ಪೈಪಿನಿಂದ ಹೀರಿ ತೆಗೆದು, ನೀರು ಬದಲಿಸಿ, ಫಿಲ್ಟರ್ ನೋಡಿ ಬರುತ್ತೀರಿ. ಬಂಡವಾಳ ಕಡಿಮೆ. ಬಕೆಟ್, ಉದ್ದ ಪೈಪ್, ಸಣ್ಣ ಪಂಪ್, ಟೆಸ್ಟ್ ಕಿಟ್, ಕಂಡೀಷನರ್, ಒಂದು ರಾಶಿ ಟವೆಲ್. ತಿಂಗಳಿಗೆ ಇಷ್ಟು ಅಂತ ಬರುವ ಆದಾಯ ಈ ಲೋಕದಲ್ಲಿ ಬೇರೆ ಕಡೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಆದರೆ ಹೊಸ ಗಿರಾಕಿಯ ಟ್ಯಾಂಕಿಗೆ ಮೊದಲ ಸಲ ಕೈ ಹಾಕುವಾಗ ತುಂಬಾ ಹುಷಾರು. ಒಂದು ಟ್ಯಾಂಕ್ ಕಲ್ಪಿಸಿಕೊಳ್ಳಿ. ವರ್ಷದಿಂದ ನೀರು ಬದಲಿಸಿಲ್ಲ, ಆವಿಯಾದಷ್ಟು ಮಾತ್ರ ತುಂಬಿದ್ದಾರೆ. ಗಾಜಿನ ಮೇಲೆ ಪಾಚಿ, ನೀರು ಚಹಾದ ಬಣ್ಣ. ಮೀನು ಮಾತ್ರ ಬದುಕಿವೆ. ನೀವು ಹುರುಪಿನಲ್ಲಿ ಅರ್ಧ ನೀರು ತೆಗೆದು ಹೊಸ ನೀರು ಹಾಕುತ್ತೀರಿ. ಟ್ಯಾಂಕ್ ಫಳಫಳ ಹೊಳೆಯುತ್ತದೆ. ಸಂಜೆಗೆ ಫೋನ್ ಬರುತ್ತದೆ: ಎಲ್ಲವೂ ಸತ್ತಿವೆ.

ಏನಾಯಿತು? ಹಳೆಯ ನೀರಿನಲ್ಲಿ ಕಾರ್ಬೊನೇಟ್ ಪೂರ್ತಿ ಖರ್ಚಾಗಿತ್ತು. ಪಿಎಚ್ 6ಕ್ಕಿಂತ ಕೆಳಗೆ ಹೋಗಿತ್ತು. ಅಷ್ಟು ಕಡಿಮೆ ಪಿಎಚ್‌ನಲ್ಲಿ ಫಿಲ್ಟರ್ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತವೆ. ಅಮೋನಿಯಾ ಏರುತ್ತಲೇ ಇತ್ತು, ಆದರೆ ಅಮೋನಿಯಂ ರೂಪದಲ್ಲಿ ಸುಮ್ಮನಿತ್ತು. ನಿಮ್ಮ ಹೊಸ ನೀರು ಪಿಎಚ್ ಏರಿಸಿತು. ಸುಮ್ಮನಿದ್ದದ್ದು ಒಂದೇ ಗಂಟೆಯಲ್ಲಿ ವಿಷವಾಯಿತು. ಇಂಥ ಟ್ಯಾಂಕಿಗೆ ಮೊದಲು ಟೆಸ್ಟ್, ಆಮೇಲೆ ಬಕೆಟ್. ಒಂದು ಸಲಕ್ಕೆ ನೂರಕ್ಕೆ ಹತ್ತರಷ್ಟು ನೀರು, ಎರಡು ಮೂರು ದಿನ ಬಿಟ್ಟು ಮತ್ತೆ ಅಷ್ಟೇ. ಗಿರಾಕಿಗೆ ಇದನ್ನು ಮುಂಚೆಯೇ ಹೇಳಿ: 'ಇವತ್ತೇ ಹೊಳೆಯುವುದಿಲ್ಲ, ಒಂದು ತಿಂಗಳು ಕೊಡಿ.' ಒಪ್ಪದವರ ಕೆಲಸ ಬೇಡ ಅನ್ನಿ.

ಫಿಲ್ಟರ್ ವಿಷಯದಲ್ಲೂ ಹೀಗೇ. ಎಲ್ಲಾ ಮೀಡಿಯಾವನ್ನು (ಫಿಲ್ಟರಿನೊಳಗೆ ಬ್ಯಾಕ್ಟೀರಿಯಾ ನೆಲೆಸುವ ಸ್ಪಾಂಜ್, ಕಲ್ಲಿನಂಥವು) ಒಟ್ಟಿಗೆ ನಲ್ಲಿ ನೀರಿನಲ್ಲಿ ತೊಳೆದರೆ ಬ್ಯಾಕ್ಟೀರಿಯಾ ಹೋಗುತ್ತವೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ, ಅರ್ಧರ್ಧ ತೊಳೆಯಿರಿ.

ಇನ್ನೂ ಎರಡು ಮಾತು. ಒಂದು ಗಿರಾಕಿಯ ಬಲೆ, ಪೈಪ್ ಇನ್ನೊಬ್ಬರ ಟ್ಯಾಂಕಿಗೆ ಹಾಗೇ ಇಳಿಸಬೇಡಿ. ರೋಗವನ್ನು ಮನೆಮನೆಗೆ ಹಂಚಿದ ಹಾಗೆ ಆಗುತ್ತದೆ. ಎರಡನೆಯದು ತೂಕ. ಒಂದು ಲೀಟರ್ ನೀರು ಒಂದು ಕಿಲೋ. 300 ಲೀಟರ್ ಟ್ಯಾಂಕ್ ಅಂದರೆ ನೀರೇ 300 ಕಿಲೋ, ಗಾಜು, ಜಲ್ಲಿ, ಸ್ಟ್ಯಾಂಡ್ ಬೇರೆ. ಎಲ್ಲಿ ಇಡಬೇಕು ಅಂತ ಕೇಳಿದಾಗ ನೆಲದ ಬಗ್ಗೆ ಮೊದಲು ಕೇಳಿ, ಅಂದದ ಬಗ್ಗೆ ಆಮೇಲೆ.

ಬ್ರೀಡಿಂಗ್

ಎಲ್ಲರ ಕನಸು ಇದೇ. ಎಲ್ಲರೂ ಲೆಕ್ಕ ತಪ್ಪುವುದೂ ಇಲ್ಲೇ. ಮೊಟ್ಟೆ ಇಡಿಸುವುದು ಕಷ್ಟ ಅಂತ ಜನ ಅಂದುಕೊಳ್ಳುತ್ತಾರೆ. ತುಂಬಾ ಜಾತಿಗಳಲ್ಲಿ ಅದು ಸುಲಭದ ಭಾಗ. ಏಂಜೆಲ್ ಮೀನಿನ ಒಳ್ಳೆಯ ಜೋಡಿ ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ. ಸುಮಾರು 28 ಡಿಗ್ರಿಯಲ್ಲಿ ಎರಡು ಮೂರು ದಿನಕ್ಕೆ ಒಡೆಯುತ್ತವೆ, ಮತ್ತೆ ನಾಲ್ಕೈದು ದಿನಕ್ಕೆ ಮರಿಗಳು ಈಜುತ್ತವೆ. ಮೊಟ್ಟೆ ತೆಗೆದುಬಿಟ್ಟರೆ ಜೋಡಿ ಕೆಲವೇ ವಾರದಲ್ಲಿ ಮತ್ತೆ ಇಡುತ್ತದೆ. ಆದರೆ ಮಾರುವ ಗಾತ್ರಕ್ಕೆ ಬರಲು ಎರಡು ಮೂರು ತಿಂಗಳು ಬೇಕು. ಅಷ್ಟರಲ್ಲಿ ಹಿಂದಿನಿಂದ ಇನ್ನೂ ಮೂರು ನಾಲ್ಕು ತಂಡ ಬಂದು ನಿಂತಿರುತ್ತದೆ. ಎಲ್ಲಿ ಇಡುತ್ತೀರಿ? ಬ್ರೀಡಿಂಗ್ ಅಂದರೆ ನಿಜಕ್ಕೂ ಮರಿ ಬೆಳೆಸುವ ಟ್ಯಾಂಕ್‌ಗಳ ವ್ಯವಹಾರ. ಜೋಡಿಗೆ ಒಂದು ಟ್ಯಾಂಕ್ ಇದ್ದರೆ ಮರಿಗಳಿಗೆ ಐದಾರು ಇರಬೇಕು.

ಶುರುವಿಗೆ ಯಾವ ಜಾತಿ? ದುಬಾರಿ ಮೀನೇ ಆಗಬೇಕು ಅಂತೇನಿಲ್ಲ. ಬ್ರಿಸ್ಟಲ್‌ನೋಸ್ ಪ್ಲೆಕೊ ಗುಹೆಯಂಥ ಜಾಗದಲ್ಲಿ ಮೊಟ್ಟೆ ಇಡುತ್ತದೆ, ಗಂಡು ತಾನೇ ಕಾಯುತ್ತದೆ. ಕೋರಿಡೋರಸ್‌ಗೆ ಸ್ವಲ್ಪ ತಣ್ಣಗಿನ ನೀರು ಬದಲಿಸಿದರೆ ಮಳೆ ಬಂತು ಅಂದುಕೊಂಡು ಎಷ್ಟೋ ಸಲ ಮೊಟ್ಟೆ ಇಡುತ್ತದೆ. ಚೆರ್ರಿ ಸಿಗಡಿಗೆ ನೀವು ಹೆಚ್ಚು ಏನೂ ಮಾಡದಿದ್ದರೆ ಸಾಕು. ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತದೆ. ಆದರೆ ಬೆರಕೆ ಗಪ್ಪಿಗೆ ಬೆಲೆ ಇಲ್ಲ, ಶುದ್ಧ ತಳಿಗೆ ಇದೆ.

ಶುದ್ಧ ತಳಿ ಉಳಿಸುವುದು ಕಣ್ಣಿನ ಕೆಲಸ. ಹೆಣ್ಣು ಗಪ್ಪಿ ಒಂದು ಸಲ ಗಂಡಿನ ಜೊತೆ ಸೇರಿದರೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಳ್ಳುತ್ತದೆ. ಅಂದರೆ ಬೇರೆ ತಳಿಯ ಒಂದು ಗಂಡು ಒಂದು ಮಧ್ಯಾಹ್ನ ನುಗ್ಗಿದರೂ ಮುಂದಿನ ಹಲವು ತಂಡಗಳ ಬಗ್ಗೆ ಭರವಸೆ ಇರುವುದಿಲ್ಲ. ಅದಕ್ಕೇ ಮರಿಗಳು ಮೂರು ವಾರದ ಸುಮಾರಿಗೆ ಬಂದಾಗ ಒಂದೊಂದನ್ನೂ ನೋಡಿ ಬೇರೆ ಮಾಡಬೇಕು. ಹೆಣ್ಣಿನ ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಗಂಡಿನ ಕೆಳಗಿನ ರೆಕ್ಕೆ ಬೀಸಣಿಗೆಯ ಆಕಾರ ಬಿಟ್ಟು ಕಡ್ಡಿಯಂತೆ ಸಣ್ಣಗಾಗತೊಡಗುತ್ತದೆ. ನೂರು ಮರಿಗಳಲ್ಲಿ ಇದನ್ನು ಹುಡುಕುತ್ತಾ ಕೂರುವುದು ನಿಮಗೆ ಖುಷಿ ಕೊಟ್ಟರೆ ನೀವು ಸರಿಯಾದ ಜಾಗದಲ್ಲಿದ್ದೀರಿ.

ಮರಿಗಳಿಗೆ ಹಾಕುವ ಆಹಾರ ಆರ್ಟೀಮಿಯಾ, ಅಂದರೆ ಉಪ್ಪು ನೀರಿನ ಪುಟ್ಟ ಸಿಗಡಿಯಂಥ ಜೀವಿ. ಅದರ ಮೊಟ್ಟೆ ಒಡೆಸುವುದು ದಿನದ ಕೆಲಸ. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು, 26ರಿಂದ 28 ಡಿಗ್ರಿ ಬಿಸಿ, ಜೋರಾಗಿ ಗಾಳಿ, ಬೆಳಕು. ಸುಮಾರು 24 ಗಂಟೆಗೆ ಕಿತ್ತಳೆ ಬಣ್ಣದ ಮರಿಗಳು ಸಿಗುತ್ತವೆ. ಒಡೆದ ಮೊದಲ ಗಂಟೆಗಳಲ್ಲೇ ಅವುಗಳಲ್ಲಿ ಪೋಷಕಾಂಶ ಜಾಸ್ತಿ, ಹಾಗಾಗಿ ದಿನಾ ಹೊಸದು. ಎರಡು ಬಾಟಲಿ ಇಟ್ಟು ಒಂದು ದಿನದ ಅಂತರದಲ್ಲಿ ಓಡಿಸಿದರೆ ಸರಬರಾಜು ನಿಲ್ಲುವುದಿಲ್ಲ.

ಇನ್ನೊಂದು ವಿಷಯ, ಯಾರೂ ಹೇಳುವುದಿಲ್ಲ. ಪ್ರತಿ ತಂಡದಲ್ಲೂ ಬೆನ್ನು ಸೊಟ್ಟಗಿರುವ, ಸರಿಯಾಗಿ ಈಜಲಾಗದ ಮರಿಗಳು ಬರುತ್ತವೆ. ಅವನ್ನು ಮಾರುವ ಹಾಗಿಲ್ಲ, ತಳಿಗೆ ಬಳಸುವ ಹಾಗಿಲ್ಲ. ಏನು ಮಾಡುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿಡಿ. ಇದನ್ನು ಎದುರಿಸಲಾಗದವರು ಬ್ರೀಡಿಂಗ್‌ಗೆ ಇಳಿಯದಿರುವುದೇ ಒಳ್ಳೆಯದು.

ಮೊದಲ ಮೊಟ್ಟೆಗೂ ಮುಂಚೆ ಕೊಳ್ಳುವವರನ್ನು ಮಾತಾಡಿಸಿ. ಅಂಗಡಿಯವರಿಗೆ ಏನು ಸದಾ ಬೇಕು, ಯಾವ ಗಾತ್ರಕ್ಕೆ ತೆಗೆದುಕೊಳ್ಳುತ್ತಾರೆ, ವಾರಕ್ಕೆ ಎಷ್ಟು? ಒಂದೇ ಸಲ 200 ಮೀನು ಯಾರಿಗೂ ಬೇಡ. ವಾರಕ್ಕೆ 20ರಂತೆ ತಪ್ಪದೆ ಕೊಡುವವರು ಬೇಕು.

ಸಮುದ್ರದ ಮೀನಿನ ಕಥೆ ಬೇರೆ. ಸಿಹಿನೀರಿನ ಅಕ್ವೇರಿಯಂ ಮೀನುಗಳಲ್ಲಿ ಹೆಚ್ಚಿನವು ಫಾರ್ಮ್‌ಗಳಲ್ಲೇ ಹುಟ್ಟುತ್ತವೆ. ಸಮುದ್ರದ ಜಾತಿಗಳಲ್ಲಿ ಹೆಚ್ಚಿನವು ಇನ್ನೂ ಹವಳದ ದಿಬ್ಬಗಳಿಂದಲೇ ಬರುತ್ತವೆ. ಕ್ಲೌನ್‌ಫಿಶ್ ಅದಕ್ಕೆ ಒಳ್ಳೆಯ ಅಪವಾದ. ಅದರ ಲಾರ್ವಾಗಳಿಗೆ ಮೊದಲ ದಿನಗಳಲ್ಲಿ ರೋಟಿಫರ್ ಎಂಬ ಸೂಕ್ಷ್ಮಜೀವಿ ಬೇಕು, ರೋಟಿಫರ್‌ಗೆ ಪಾಚಿ ಬೇಕು. ಅಂದರೆ ಒಂದು ಮೀನು ಬೆಳೆಸಲು ಮೂರು ಜೀವಿಗಳನ್ನು ಸಾಕಬೇಕು. ಅನುಭವ ಆದ ಮೇಲೆ ಹೋಗಬೇಕಾದ ಜಾಗ ಇದು.

ಗಿಡ ಮತ್ತು ಅಕ್ವಾಸ್ಕೇಪಿಂಗ್

ಜಪಾನಿನ ತಕಾಶಿ ಅಮಾನೊ ಮೊದಲು ಸೈಕಲ್ ರೇಸ್ ಆಡುತ್ತಿದ್ದವರು, ಆಮೇಲೆ ಪ್ರಕೃತಿ ಛಾಯಾಗ್ರಾಹಕರಾದವರು. ನೀರೊಳಗಿನ ಗಿಡಗಳಿಂದ ಭೂದೃಶ್ಯ ಕಟ್ಟುವ ಶೈಲಿಯನ್ನು ಅವರು ಜಗತ್ತಿಗೆ ಪರಿಚಯಿಸಿದರು, 1982ರಲ್ಲಿ ಸ್ವಂತ ಕಂಪನಿ ತೆರೆದರು. 2015ರಲ್ಲಿ, ತೀರಿಕೊಂಡ ವರ್ಷವೇ, ಲಿಸ್ಬನ್‌ನ ಓಷನೇರಿಯಂನಲ್ಲಿ 40 ಮೀಟರ್ ಉದ್ದದ, ಗಿಡ ನೆಟ್ಟ ಅಕ್ವೇರಿಯಂ ಮಾಡಿಕೊಟ್ಟರು. ಕ್ಯಾಮೆರಾ ಹಿಡಿದ ಕೈ ಅವರಿಗೆ ಎಷ್ಟು ಸಹಾಯ ಮಾಡಿತು ಅನ್ನುವುದನ್ನು ಗಮನಿಸಿ. ಟ್ಯಾಂಕ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಕೊಳ್ಳುವವರು ಮೊದಲು ನೋಡುವುದು ಫೋಟೋ. ಒಳ್ಳೆಯ ಫೋಟೋ ತೆಗೆಯಲು ಕಲಿಯಿರಿ.

ಗಿಡ ಬೆಳೆದು ಮಾರುವುದು ಸದ್ದಿಲ್ಲದ ಒಳ್ಳೆಯ ವ್ಯಾಪಾರ. ಅನೂಬಿಯಸ್, ಕ್ರಿಪ್ಟೊಕೊರೈನ್‌ನಂಥ ಗಿಡಗಳನ್ನು ನರ್ಸರಿಗಳು ಎಲೆ ನೀರಿನಿಂದ ಹೊರಗಿರುವಂತೆ, ತೇವದ ಗಾಳಿಯಲ್ಲಿ ಬೆಳೆಸುತ್ತವೆ. ಪಾಚಿ, ಬಸವನಹುಳದ ಕಾಟ ಇರುವುದಿಲ್ಲ. ಆದರೆ ನೀರಿಗೆ ಹಾಕಿದ ಮೇಲೆ ಕ್ರಿಪ್ಟೊಕೊರೈನ್‌ನ ಹಳೆಯ ಎಲೆ ಕೊಳೆತು ಹೊಸದು ಬರುವುದು ಸಾಮಾನ್ಯ. ಕೊಂಡವರಿಗೆ ಮುಂಚೆಯೇ ಹೇಳದಿದ್ದರೆ 'ಸತ್ತ ಗಿಡ ಕೊಟ್ಟರು' ಅನ್ನುತ್ತಾರೆ.

ಅಂಗಡಿ

ಸ್ವಂತ ಅಂಗಡಿ ತೆರೆಯುವ ಮುನ್ನ ಇನ್ನೊಬ್ಬರ ಅಂಗಡಿಯಲ್ಲಿ ಒಂದು ವರ್ಷ ಕೆಲಸ ಮಾಡಿ. ಬಾಡಿಗೆ, ಕರೆಂಟು, ಸಾಯುವ ಮೀನು, ಇವೆಲ್ಲ ದಿನಾ ದುಡ್ಡು ತಿನ್ನುತ್ತವೆ. ಅಂಗಡಿ ನಿಲ್ಲುವುದು ಆಹಾರ, ಫಿಲ್ಟರ್, ಕಂಡೀಷನರ್‌ಗಳ ಮೇಲೆ. 'ಈ ಮೀನು ನಿಮ್ಮ ಟ್ಯಾಂಕಿಗೆ ಬೇಡ' ಅಂತ ಹೇಳಲು ಧೈರ್ಯ ಇರುವ ಅಂಗಡಿಗೆ ಜನ ವರ್ಷಗಟ್ಟಲೆ ಬರುತ್ತಾರೆ.

ಸಂಬಳದ ಕೆಲಸಗಳು

ಲಂಡನ್ ಮೃಗಾಲಯ 1853ರಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆದಾಗಿನಿಂದ ಮೀನು ನೋಡಿಕೊಳ್ಳುವ ಸಂಬಳದ ನೌಕರಿ ಇದೆ. ಈಗ ಇಂಥ ಅಕ್ವೇರಿಯಂಗಳಿಗೆ ಸೇರಲು ಹೆಚ್ಚಾಗಿ ಜೀವಶಾಸ್ತ್ರ, ಸಾಗರ ಜೀವಶಾಸ್ತ್ರ ಅಥವಾ ಮೀನುಗಾರಿಕೆ ಪದವಿ ಕೇಳುತ್ತಾರೆ. ಸ್ಕೂಬಾ ಸರ್ಟಿಫಿಕೇಟ್ ಇದ್ದರೆ ತುಂಬಾ ಅನುಕೂಲ, ದೊಡ್ಡ ಟ್ಯಾಂಕಿನ ಗಾಜನ್ನು ಒಳಗಿಳಿದೇ ಉಜ್ಜಬೇಕಲ್ವಾ. ಸ್ವಯಂಸೇವಕರಾಗಿ ಶುರು ಮಾಡಿದವರೇ ಎಷ್ಟೋ ಕಡೆ ಒಳಗೆ ಬರುವುದು. ದಿನದ ಅರ್ಧ ಹೊತ್ತು ಆಹಾರ ಕತ್ತರಿಸಿ ತೂಗುವುದರಲ್ಲೇ ಹೋಗುತ್ತದೆ. ಪಂಪ್, ಓಝೋನ್, ಮರಳಿನ ಫಿಲ್ಟರ್ ನೋಡಿಕೊಳ್ಳುವ ಜೀವಾಧಾರ ವ್ಯವಸ್ಥೆಯ ವಿಭಾಗವೂ ಇರುತ್ತದೆ. ಪ್ಲಂಬಿಂಗ್, ಎಲೆಕ್ಟ್ರಿಕಲ್ ಗೊತ್ತಿರುವವರಿಗೆ ಅದು ಒಳ್ಳೆಯ ದಾರಿ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಕೆಲಸ ಜೀಬ್ರಾಫಿಶ್ ಲ್ಯಾಬ್‌ಗಳದ್ದು. ಹೌದು, ಅಂಗಡಿಯಲ್ಲಿ ಸಿಗುವ ಅದೇ ಪಟ್ಟೆ ಡ್ಯಾನಿಯೋ. ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ತಳಿಶಾಸ್ತ್ರದ ಸಂಶೋಧನೆಗೆ ತಂದರು, 1981ರಲ್ಲಿ ಅವರ ಮುಖ್ಯ ಪ್ರಬಂಧ ಬಂತು. ಭ್ರೂಣ ಪಾರದರ್ಶಕ, ಹೃದಯ ಬಡಿಯುವುದು ಮೈಕ್ರೋಸ್ಕೋಪಿನಲ್ಲಿ ನೇರ ಕಾಣುತ್ತದೆ. ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಈಗ ಜಗತ್ತಿನ ತುಂಬಾ ಇಂಥ ಲ್ಯಾಬ್‌ಗಳಿವೆ. ಸಾಲುಸಾಲು ಸಣ್ಣ ಟ್ಯಾಂಕ್, 28.5 ಡಿಗ್ರಿ ನೀರು, 14 ಗಂಟೆ ಬೆಳಕು, 10 ಗಂಟೆ ಕತ್ತಲೆ. ಅವನ್ನು ನೋಡಿಕೊಳ್ಳಲು ತಂತ್ರಜ್ಞರು ಬೇಕು. ಮನೆಯಲ್ಲಿ ಅಂಕಿ ಬರೆದಿಟ್ಟ ನಿಮ್ಮ ಪುಸ್ತಕ ಇಲ್ಲಿ ಚೆನ್ನಾಗಿ ಮಾತಾಡುತ್ತದೆ.

ಮೀನಿನ ಡಾಕ್ಟರ್ ಆಗುವುದೂ ಒಂದು ದಾರಿ. ಪಶುವೈದ್ಯ ಪದವಿ ಮುಗಿಸಿ ಆಮೇಲೆ ಜಲಚರಗಳ ಕಡೆ ತಿರುಗಬೇಕು. ಉದ್ದದ ದಾರಿ, ಆದರೆ ಇದನ್ನು ಮಾಡುವವರು ಕಡಿಮೆ.

5. ಮೀನು ಕಳಿಸುವುದನ್ನು ಕಲಿಯಿರಿ

ಕಳಿಸುವ ಮುಂಚೆ 24ರಿಂದ 48 ಗಂಟೆ ಆಹಾರ ನಿಲ್ಲಿಸಿ. ಕವರಿನಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ಎರಡು ಕವರ್, ಮೂಲೆಗಳನ್ನು ಟೇಪ್ ಹಾಕಿ ದುಂಡಗೆ ಮಾಡಿ, ಇಲ್ಲದಿದ್ದರೆ ಸಣ್ಣ ಮೀನು ಮೂಲೆಗೆ ಸಿಕ್ಕಿ ಸಾಯುತ್ತದೆ. ಥರ್ಮೋಕೋಲ್ ಡಬ್ಬ, ಒಳಗೆ ಕತ್ತಲೆ. ವಿಮಾನದಲ್ಲಿ ಕಳಿಸುವುದಾದರೆ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಎಟಿಎಯ ಜೀವಂತ ಪ್ರಾಣಿ ನಿಯಮಗಳಿವೆ, ಅದರ ಪ್ರಕಾರವೇ ಪ್ಯಾಕ್ ಆಗಬೇಕು.

ಮೀನು ದಾರಿಯಲ್ಲಿ ಬದುಕಿ, ಮುಟ್ಟಿದ ಮೇಲೆ ಸಾಯುವುದು ಯಾಕೆ? ಮುಚ್ಚಿದ ಕವರಿನಲ್ಲಿ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಪಿಎಚ್ ಇಳಿಯುತ್ತದೆ. ಅಮೋನಿಯಾ ಸೇರುತ್ತಿದ್ದರೂ ಪಿಎಚ್ ಕಡಿಮೆ ಇರುವುದರಿಂದ ಅಮೋನಿಯಂ ರೂಪದಲ್ಲೇ ಇರುತ್ತದೆ. ಕವರ್ ಬಿಚ್ಚಿದ ತಕ್ಷಣ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ, ಅಮೋನಿಯಂ ವಿಷವಾಗುತ್ತದೆ. ಇಂಥ ನೀರಿನಲ್ಲಿ ಮೀನನ್ನು ಒಂದು ಗಂಟೆ ಇಟ್ಟು ಹನಿಹನಿಯಾಗಿ ಹೊಸ ನೀರು ಸೇರಿಸುವುದು ಅದಕ್ಕೆ ಶಿಕ್ಷೆ. ಕವರ್ ಮುಚ್ಚಿದ ಹಾಗೇ 15-20 ನಿಮಿಷ ತೇಲಿಬಿಟ್ಟು ತಾಪಮಾನ ಸರಿಮಾಡಿ. ಆಮೇಲೆ ಬಿಚ್ಚಿ, ಬೇಗ ಬಲೆಯಲ್ಲಿ ಎತ್ತಿ, ಮುಂಚೆಯೇ ತಯಾರಿಟ್ಟ ಟ್ಯಾಂಕಿಗೆ ಬಿಡಿ. ಕವರಿನ ನೀರು ಟ್ಯಾಂಕಿಗೆ ಬೇಡ. ಇದು ದಿನಗಟ್ಟಲೆ ಪ್ರಯಾಣ ಮಾಡಿದ ಮೀನಿನ ಮಾತು. ಅರ್ಧ ಗಂಟೆ ದೂರದಿಂದ ತಂದದ್ದಕ್ಕೆ ಇಷ್ಟು ಅವಸರ ಬೇಕಿಲ್ಲ. ಪ್ರತಿ ಡಬ್ಬದ ಜೊತೆ ಈ ಸೂಚನೆಯ ಚೀಟಿ ಹಾಕಿ.

6. ಕ್ವಾರಂಟೈನ್ ಟ್ಯಾಂಕ್ ಇಲ್ಲದೆ ವ್ಯಾಪಾರ ಬೇಡ

ಹೊಸದಾಗಿ ಬಂದ ಮೀನಿಗೆ ಮೂರು ನಾಲ್ಕು ವಾರ ಬೇರೆ ಟ್ಯಾಂಕ್, ಬೇರೆ ಬಲೆ, ಬೇರೆ ಬಕೆಟ್. ಬಿಳಿ ಚುಕ್ಕೆ ರೋಗವನ್ನೇ ತೆಗೆದುಕೊಳ್ಳಿ. ಚರ್ಮದ ಒಳಗಿರುವ ಪರಾವಲಂಬಿಗೆ ಔಷಧಿ ತಾಗುವುದಿಲ್ಲ. ಅದು ಉದುರಿ, ತಳದಲ್ಲಿ ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ಚುಕ್ಕೆ ಮಾಯವಾಯಿತು ಅಂತ ಔಷಧಿ ನಿಲ್ಲಿಸಿದರೆ ಮುಂದಿನ ವಾರ ದುಪ್ಪಟ್ಟು ಬರುತ್ತದೆ. ಎಲ್ಲಾ ಟ್ಯಾಂಕಿಗೂ ಒಂದೇ ಫಿಲ್ಟರ್ ಇಟ್ಟರೆ ಕೆಲಸ ಸುಲಭ, ರೋಗಕ್ಕೂ ಸುಲಭ. ಸಣ್ಣದಾಗಿ ಶುರು ಮಾಡುವವರಿಗೆ ಒಂದೊಂದು ಟ್ಯಾಂಕಿಗೆ ಒಂದೊಂದು ಸ್ಪಾಂಜ್ ಫಿಲ್ಟರ್, ಎಲ್ಲಕ್ಕೂ ಸೇರಿ ಒಂದು ಏರ್ ಬ್ಲೋವರ್ ಸಾಕು.

7. ಕಾನೂನು ನೋಡಿಕೊಳ್ಳಿ

ನೀವಿರುವ ಕಡೆಯ ಪರವಾನಗಿ, ಮನೆಯಿಂದ ವ್ಯಾಪಾರ ಮಾಡುವ ನಿಯಮ, ಕೊಳೆ ನೀರು ಬಿಡುವ ನಿಯಮ ಕೇಳಿ ತಿಳಿಯಿರಿ. ಏಷ್ಯನ್ ಅರೋವಾನಾ ಮೀನು ಸೈಟೀಸ್‌ನ, ಅಂದರೆ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ, ಮೊದಲ ಅನುಬಂಧದಲ್ಲಿದೆ. ನೋಂದಾಯಿತ ಫಾರ್ಮ್‌ನಲ್ಲಿ ಹುಟ್ಟಿ, ಮೈಕ್ರೋಚಿಪ್ ಇರುವ ಮೀನನ್ನು ದಾಖಲೆ ಸಮೇತ ಮಾತ್ರ ದೇಶದಿಂದ ದೇಶಕ್ಕೆ ಮಾರಬಹುದು. ಕೆಲವು ದೇಶಗಳು ಅದನ್ನೂ ಬಿಡುವುದಿಲ್ಲ. ಕೊಯ್ ಮೀನಿನ ಹರ್ಪಿಸ್ ವೈರಸ್ ಅಂತರರಾಷ್ಟ್ರೀಯವಾಗಿ ವರದಿ ಮಾಡಲೇಬೇಕಾದ ರೋಗ. ಆಂಟಿಬಯೋಟಿಕ್ ಎಷ್ಟೋ ಕಡೆ ವೈದ್ಯರ ಚೀಟಿ ಇಲ್ಲದೆ ಸಿಗುವುದಿಲ್ಲ.

ಬೇಡದ ಮೀನನ್ನು ಕೆರೆಗೆ, ಹೊಳೆಗೆ ಬಿಡುವುದಂತೂ ಇಲ್ಲವೇ ಇಲ್ಲ. ಇಂಡೋ-ಪೆಸಿಫಿಕ್‌ನ ಲಯನ್‌ಫಿಶ್ ಇಂದು ಅಟ್ಲಾಂಟಿಕ್, ಕೆರಿಬಿಯನ್‌ನ ತುಂಬಾ ಹರಡಿ ಅಲ್ಲಿನ ಮೀನುಗಳನ್ನು ನುಂಗುತ್ತಿದೆ. ಅಕ್ವೇರಿಯಂಗಳಿಂದ ಬಿಟ್ಟದ್ದೇ ಇದರ ಮೂಲ ಅಂತ ವಿಜ್ಞಾನಿಗಳು ಹೇಳುತ್ತಾರೆ. ಮಾರಿದ ಮೀನು ಬೇಡವಾದರೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂತ ನಿಮ್ಮ ರಸೀದಿಯಲ್ಲೇ ಬರೆಯಿರಿ.

8. ಬೆಲೆ ಕಟ್ಟುವಾಗ ನಿಮ್ಮ ಗಂಟೆಗಳನ್ನೂ ಎಣಿಸಿ

ಹಾಬಿಯಿಂದ ಬಂದವರು ಇಲ್ಲಿ ಮುಗ್ಗರಿಸುತ್ತಾರೆ. ಮೀನಿನ ಬೆಲೆ, ಆಹಾರದ ಬೆಲೆ ಎಣಿಸುತ್ತಾರೆ, ತಮ್ಮ ಹೊತ್ತು ಬಿಟ್ಟಿ ಅಂದುಕೊಳ್ಳುತ್ತಾರೆ. ಒಂದು ಟ್ಯಾಂಕಿಗೆ ಹೋಗಿಬರುವ ಹೊತ್ತು, ಪಾರ್ಕಿಂಗ್ ಹುಡುಕುವ ಹೊತ್ತು, ಟವೆಲ್ ಒಗೆಯುವ ಹೊತ್ತು, ಎಲ್ಲ ಸೇರಿಸಿ. ಬ್ರೀಡಿಂಗ್‌ನಲ್ಲಿ ಕರೆಂಟು, ನೀರು, ಮಾರಾಟವಾಗದ ಮತ್ತು ಸತ್ತ ಮೀನಿನ ಪಾಲನ್ನು ಉಳಿದ ಮೀನಿನ ಬೆಲೆಯ ಮೇಲೆ ಹಾಕಿ. ಮೂರು ತಿಂಗಳು ಹೀಗೆ ಲೆಕ್ಕ ಹಾಕಿದರೆ ಯಾವ ಮೀನು ನಿಮ್ಮನ್ನು ಸಾಕುತ್ತಿದೆ, ಯಾವುದನ್ನು ನೀವೇ ಸಾಕುತ್ತಿದ್ದೀರಿ ಅನ್ನುವುದು ಕಾಣುತ್ತದೆ.

ನಿರ್ವಹಣೆಯ ಒಪ್ಪಂದ ಒಂದೇ ಪುಟದ್ದಾದರೂ ಬರವಣಿಗೆಯಲ್ಲಿರಲಿ. ಎಷ್ಟು ದಿನಕ್ಕೊಮ್ಮೆ ಬರುತ್ತೀರಿ, ಮಧ್ಯೆ ಮೀನು ಸತ್ತರೆ ಯಾರ ಹೊಣೆ, ರಾತ್ರಿ ಕರೆದರೆ ಎಷ್ಟು ಹೆಚ್ಚು, ಆಹಾರ ಯಾರು ಹಾಕುತ್ತಾರೆ. ಕೊನೆಯದು ಸಣ್ಣದು ಅನ್ನಿಸಬಹುದು. ಆಫೀಸಿನಲ್ಲಿ ಹೋಗಿ ಬರುವವರೆಲ್ಲ ಒಂದೊಂದು ಚಿಟಿಕೆ ಹಾಕುತ್ತಾರೆ, ತಿಂಗಳಿಗೆ ನೀರು ಕೆಡುತ್ತದೆ, ಬೈಗುಳ ನಿಮಗೆ.

9. ಕೈ, ಬೆನ್ನು, ಕರೆಂಟು

ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಇಲ್ಲದೆ ಟ್ಯಾಂಕಿಗೆ ಇಳಿಸಬೇಡಿ. ಮೈಕೊಬ್ಯಾಕ್ಟೀರಿಯಂ ಮರೈನಮ್ ಅನ್ನುವ ಬ್ಯಾಕ್ಟೀರಿಯಾ ಗಾಯದ ಮೂಲಕ ಒಳಹೊಕ್ಕು, ವಾರಗಳಾದ ಮೇಲೆ ಮಾಗದ ಗಂಟು ಎಬ್ಬಿಸುತ್ತದೆ. ಡಾಕ್ಟರ್ ಹತ್ತಿರ ಹೋದರೆ ಮೀನಿನ ಕೆಲಸ ಮಾಡುತ್ತೇನೆ ಅಂತ ತಪ್ಪದೆ ಹೇಳಿ, ಇಲ್ಲದಿದ್ದರೆ ಅವರಿಗೆ ಹೊಳೆಯುವುದು ಕಷ್ಟ. ಸಮುದ್ರ ಟ್ಯಾಂಕಿನಲ್ಲಿ ಕಲ್ಲಿಗೆ ಅಂಟಿ ಬೆಳೆಯುವ, ಹವಳದಂಥ ಪ್ಯಾಲಿಥೋವಾದ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷ ಇರುತ್ತದೆ. ಅವು ಅಂಟಿರುವ ಕಲ್ಲನ್ನು ಕುದಿಸುವುದು, ಒಣಗಿದ್ದನ್ನು ಉಜ್ಜುವುದು ಮಾಡಬೇಡಿ. ಪ್ಲಗ್‌ಗೆ ಹೋಗುವ ವೈರ್ ಕೆಳಗೆ ಒಂದು ಸುತ್ತು ಇಳಿದು ಮೇಲೆ ಏರಲಿ, ನೀರು ವೈರ್ ಹಿಡಿದು ಬಂದರೂ ತೊಟ್ಟಿಕ್ಕಿ ಬೀಳುತ್ತದೆ. ಬೆನ್ನಿನ ಬಗ್ಗೆ ಹೇಳುವುದೇ ಬೇಡ. ಸಾಧ್ಯವಾದ ಕಡೆ ಪಂಪ್ ಬಳಸಿ.

10. ಈಗಿನ ಕೆಲಸ ಬಿಡುವುದು ಯಾವಾಗ?

ಮೊದಲ ವರ್ಷ ಸಂಜೆ ಮತ್ತು ರಜಾದಿನಗಳಲ್ಲಿ ಮಾಡಿ. ನಿರ್ವಹಣೆಯ ಗಿರಾಕಿಗಳಿಂದ ಬರುವ ಖಾಯಂ ದುಡ್ಡು ಮನೆ ಖರ್ಚಿನ ಅರ್ಧ ದಾಟಿ, ಹೊಸಬರು ತಾವಾಗೇ ಕೇಳಿಕೊಂಡು ಬರತೊಡಗಿದರೆ ಯೋಚಿಸಬಹುದು. ಬ್ರೀಡಿಂಗ್ ಮಾತ್ರ ನಂಬಿ ಬಿಡಬೇಡಿ. ಒಂದು ರೋಗ ಬಂದರೆ ಆರು ತಿಂಗಳ ದುಡಿಮೆ ಒಂದು ವಾರದಲ್ಲಿ ಹೋಗುತ್ತದೆ. ನಿರ್ವಹಣೆ ಕೈಯಲ್ಲಿದ್ದು ಬ್ರೀಡಿಂಗ್ ಪಕ್ಕದಲ್ಲಿದ್ದರೆ ಆ ಪೆಟ್ಟು ತಡೆದುಕೊಳ್ಳಬಹುದು.

ಬಿಡುವ ಮುಂಚೆ ಇನ್ನೊಂದು ಕೆಲಸ. ನೀವು ಜ್ವರ ಬಂದು ಮಲಗಿದರೂ ಮೀನಿಗೆ ರಜೆ ಇಲ್ಲ. ನಿಮ್ಮ ಬದಲು ಹೋಗಬಲ್ಲ ಒಬ್ಬರನ್ನು ತಯಾರು ಮಾಡಿ. ಪ್ರತಿ ಟ್ಯಾಂಕಿಗೂ ಒಂದು ಹಾಳೆ ಬರೆದು ಸ್ಟ್ಯಾಂಡಿನ ಬಾಗಿಲ ಒಳಗೆ ಅಂಟಿಸಿ. ಎಷ್ಟು ಲೀಟರ್, ಯಾವ ಮೀನು ಎಷ್ಟು, ಎಷ್ಟು ಆಹಾರ, ಎಷ್ಟು ನೀರು ಬದಲಿಸಬೇಕು, ಕೊನೆಯ ಟೆಸ್ಟಿನ ಅಂಕಿ. ನೀರಿನ ವಾಲ್ವ್ ಎಲ್ಲಿದೆ, ಕರೆಂಟಿನ ಸ್ವಿಚ್ ಎಲ್ಲಿದೆ ಅನ್ನುವುದನ್ನು ಹಾಳೆಯ ಮೇಲ್ಭಾಗದಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ. ನೆಲದ ಮೇಲೆ ನೀರು ಹರಿಯುತ್ತಿರುವಾಗ ನಿಮಗೆ ಫೋನ್ ಮಾಡಿ ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.